ಪಿಗ್ಮಿ ಠೇವಣಿಯಿಂದ ಕೇಂದ್ರ ಸಂಪುಟದವರೆಗೆ: ಬ್ಯಾಂಕರ್-ಮುತ್ಸದ್ದಿ ಟಿ.ಎ. ಪೈ

ನಿಪ್ಪಾಣಿಯ ತಂಬಾಕಿನ ವಖಾರಗಳಿಂದ ಅಥಣಿಯ ಚಪ್ಪಲಿ ತಯಾರಕರ ಓಣಿಯವರೆಗೆ, ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಪೇಟೆ ಬೀದಿಗಳಲ್ಲಿ ಪ್ರತಿದಿನ ತಪ್ಪದೆ ಕಾಣಸಿಗುವ ವ್ಯಕ್ತಿಯೆಂದರೆ ಪಿಗ್ಮಿ ಏಜೆಂಟ್. ಕಿರಾಣಿ ಅಂಗಡಿ, ಚಹಾದ ಹೋಟೆಲು, ಹೊಲಿಗೆ ಯಂತ್ರ, ಹಣ್ಣಿನ ಗಾಡಿ - ಎಲ್ಲಿ ದಿನದ ಗಳಿಕೆಯಿದೆಯೋ ಅಲ್ಲಿ ಆತನ ಹಾಜರಿಯೂ ಇದೆ. ಈ ಭಾಗದ ನೂರಾರು ಪತ್ತಿನ ಸಹಕಾರಿ ಸಂಘಗಳು ಹಾಗೂ ಸೌಹಾರ್ದ ಸಹಕಾರಿಗಳು ಬೆಳೆದು ನಿಂತಿರುವುದು ಬಹುಮಟ್ಟಿಗೆ ಈ ದಿನನಿತ್ಯದ ಸಂಗ್ರಹದ ಬಲದಿಂದಲೇ. ಆದರೆ ಈ ಪದ್ಧತಿಯ ಮೂಲ ಕೃಷ್ಣಾತೀರದಲ್ಲಿಲ್ಲ. ಅದು ಅರಬ್ಬೀ ಸಮುದ್ರದ ಕರಾವಳಿಯ ಉಡುಪಿಯಲ್ಲಿದೆ. ಅದನ್ನು ಆರಂಭಿಸಿದ ಬ್ಯಾಂಕಿನಿಂದಲೇ ಮೇಲೆದ್ದು ಬಂದು, ಆಹಾರ ನಿಗಮ, ಜೀವ ವಿಮಾ ನಿಗಮ, ರೈಲ್ವೆ, ಉಕ್ಕು ಮತ್ತು ಕೈಗಾರಿಕಾ ಖಾತೆಗಳ ಹೊಣೆಯನ್ನು ಒಂದಾದ ಮೇಲೊಂದರಂತೆ ಹೊತ್ತ ಕನ್ನಡ ನಾಡಿನ ಬ್ಯಾಂಕರ್ ಟೋನ್ಸೆ ಅನಂತ ಪೈ, ಅಂದರೆ ಟಿ.ಎ. ಪೈ (1922-1981).

ಹಣಕಾಸು ಸಂಸ್ಥೆಯ ಅಧ್ಯಕ್ಷಸ್ಥಾನದಿಂದ ಶಾಸನಸಭೆಗೆ ಸಾಗುವ ದಾರಿ ಗಡಿಭಾಗದ ಜನರಿಗೆ ಅಪರಿಚಿತವೇನಲ್ಲ. ಆದ್ದರಿಂದಲೇ ಆ ದಾರಿಯಲ್ಲಿ ನಡೆದ ಒಬ್ಬ ಸಮರ್ಥ ವ್ಯಕ್ತಿಯ ವೃತ್ತಿಜೀವನವನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ವ್ಯಾಪಾರಿ ವರ್ಗಕ್ಕೆ ಪ್ರಯೋಜನಕಾರಿಯಾಗಬಲ್ಲದು.

ಇಟಲಿಯ ಉದಾಹರಣೆ

ಬ್ಯಾಂಕರುಗಳು ರಾಜಕಾರಣದ ಉನ್ನತ ಪದವಿಗೇರುವ ಪರಂಪರೆಗೆ ಎರಡನೆಯ ಮಹಾಯುದ್ಧದ ನಂತರದ ಇಟಲಿ ಹೆಸರಾಗಿದೆ. 1945ರಲ್ಲಿ ಬ್ಯಾಂಕ್ ಆಫ್ ಇಟಲಿಯ ಗವರ್ನರ್ ಆದ ಅರ್ಥಶಾಸ್ತ್ರಜ್ಞ ಲುಯಿಜಿ ಐನೌದಿ, 1947ರಲ್ಲಿ ಸಚಿವರಾಗಿ ಸಾಲವನ್ನು ಬಿಗಿಗೊಳಿಸುವ ಮೂಲಕ ಹಣದುಬ್ಬರಕ್ಕೆ ಕಡಿವಾಣ ಹಾಕಿ, 1948ರಿಂದ 1955ರವರೆಗೆ ಗಣರಾಜ್ಯದ ಅಧ್ಯಕ್ಷರಾದರು. 1960ರಿಂದ 1975ರವರೆಗೆ ಗವರ್ನರ್ ಆಗಿದ್ದ ಗೈದೋ ಕಾರ್ಲಿ ಮುಂದೆ ಖಜಾನೆ ಸಚಿವರಾದರು. ಕಾರ್ಲೊ ಅಜೆಲಿಯೊ ಚಾಂಪಿ 1946ರಲ್ಲಿ ಅದೇ ಬ್ಯಾಂಕಿನ ಸೇವೆಗೆ ಸೇರಿ, 1979ರಿಂದ 1993ರವರೆಗೆ ಗವರ್ನರ್ ಆಗಿ, 1993ರಲ್ಲಿ ಸಂಸತ್ತಿನ ಸದಸ್ಯರಲ್ಲದಿದ್ದರೂ ಪ್ರಧಾನಿಯಾದರು. ಆ ವರ್ಷದ ಜುಲೈ ತಿಂಗಳಲ್ಲಿ ಮಾಲೀಕರ ಸಂಘಟನೆಗಳು ಮತ್ತು ಕಾರ್ಮಿಕ ಸಂಘಗಳನ್ನು ಒಂದೇ ಮೇಜಿಗೆ ತಂದು ವೇತನ ಒಪ್ಪಂದ ಮಾಡಿಸಿದರು. 1996ರಿಂದ ಖಜಾನೆ ಸಚಿವರಾಗಿ ಇಟಲಿಯನ್ನು ಯೂರೋ ಒಕ್ಕೂಟದೊಳಗೆ ಸೇರಿಸಿದರು. 1999ರಲ್ಲಿ ಮೊದಲ ಸುತ್ತಿನ ಮತದಾನದಲ್ಲೇ ರಾಷ್ಟ್ರಾಧ್ಯಕ್ಷರಾಗಿ ಆಯ್ಕೆಯಾಗಿ 2006ರವರೆಗೆ ಆ ಸ್ಥಾನದಲ್ಲಿದ್ದರು.

ಚಾಂಪಿ ಮತ್ತು ಪೈ ಇಬ್ಬರೂ ಒಂದೇ ತಲೆಮಾರಿನವರು. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಚಾಂಪಿ ಕೇಂದ್ರ ಬ್ಯಾಂಕಿನವರು. ನಾಣ್ಯದ ಮೌಲ್ಯ, ಬಡ್ಡಿಯ ದರ, ಸರಕಾರದ ಕೊರತೆ ಅವರ ಕಾರ್ಯಕ್ಷೇತ್ರ. ಪೈ ಅವರು ವಾಣಿಜ್ಯ ಬ್ಯಾಂಕಿನವರು. ಠೇವಣಿದಾರನ ಮನೆಬಾಗಿಲು ಮತ್ತು ಸಾಲಗಾರನ ಅಂಗಡಿ ಅವರ ಪಾಠಶಾಲೆ. ಮೊದಲನೆಯವರು ಹಣದ ಬೆಲೆಯನ್ನು ಕಾಯ್ದವರಾದರೆ, ಎರಡನೆಯವರು ಹಣ ಇಲ್ಲದವರನ್ನೂ ಬ್ಯಾಂಕಿನ ಗ್ರಾಹಕರನ್ನಾಗಿ ಮಾಡಿದ ಪರಂಪರೆಯವರು.

ಎಂಟು ಸಾವಿರ ರೂಪಾಯಿಯ ಬ್ಯಾಂಕು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಬ್ಯಾಂಕುಗಳ ತವರಾಯಿತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರಿಂದ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ನೇತೃತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟಿ ಅವರಿಂದ ವಿಜಯಾ ಬ್ಯಾಂಕ್ ಸ್ಥಾಪನೆಯಾದವು. ಇವುಗಳ ನಡುವೆ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಜವಳಿ ವ್ಯಾಪಾರಿ ಉಪೇಂದ್ರ ಅನಂತ ಪೈ, ವೈದ್ಯ ಡಾ. ಟಿ.ಎಂ.ಎ. ಪೈ ಮತ್ತು ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ - ಈ ಮೂವರು ಅದರ ಸ್ಥಾಪಕರು. ಆರಂಭದ ಬಂಡವಾಳ ಕೇವಲ 8,000 ರೂಪಾಯಿ. ಬಂಡವಾಳವಿಲ್ಲದೆ ಕಂಗಾಲಾಗಿದ್ದ ಕರಾವಳಿಯ ಕೈಮಗ್ಗದ ನೇಕಾರರಿಗೆ ನೆರವಾಗುವುದು ಮೂಲ ಉದ್ದೇಶವಾಗಿತ್ತು. ಈ ಮೂವರಲ್ಲಿ ಉಪೇಂದ್ರ ಪೈ ಅವರ ಪುತ್ರರೇ ಟಿ.ಎ. ಪೈ, ಮಣಿಪಾಲದ ನಿರ್ಮಾತೃ ಡಾ. ಟಿ.ಎಂ.ಎ. ಪೈ ಅವರಿಗೆ ಚಿಕ್ಕಪ್ಪ.

1928ರಲ್ಲಿ ಈ ಬ್ಯಾಂಕು ಆರಂಭಿಸಿದ ಯೋಜನೆಯೇ ಪಿಗ್ಮಿ ಠೇವಣಿ. ಏಜೆಂಟನು ಗ್ರಾಹಕನ ಮನೆಗೆ ಅಥವಾ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸ್ವೀಕರಿಸುತ್ತಿದ್ದನು. ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಅಂದಿನ ನೇಕಾರನಿಗೆ ಒಟ್ಟಿಗೆ ಕೂಡಿಡಲು ಸಾಧ್ಯವೇ ಇಲ್ಲದ ಮೊತ್ತವದು. ದಿನದ ಗಳಿಕೆಯವನಿಗೆ ತಿಂಗಳ ಉಳಿತಾಯ ಕಷ್ಟ, ದಿನದ ಉಳಿತಾಯ ಸುಲಭ ಎಂಬ ಸರಳ ಸತ್ಯದ ಮೇಲೆ ಈ ಯೋಜನೆ ನಿಂತಿತ್ತು.

ಪಿಗ್ಮಿಯ ನಿಜವಾದ ಖರ್ಚು

ಪಿಗ್ಮಿ ಹಣ ಅಗ್ಗದ ಹಣ ಎಂಬ ಭಾವನೆ ಇಂದಿಗೂ ಅನೇಕ ಸಂಘಗಳ ಆಡಳಿತ ಮಂಡಳಿಗಳಲ್ಲಿದೆ. ಬಡ್ಡಿಯ ದರ ಕಡಿಮೆ ಇರುವುದೇ ಈ ಭಾವನೆಗೆ ಕಾರಣ. ಒಂದು ಸರಳ ಉದಾಹರಣೆಯಿಂದ ಇದನ್ನು ಪರೀಕ್ಷಿಸಬಹುದು.

ಒಬ್ಬ ವ್ಯಾಪಾರಿ ದಿನಕ್ಕೆ 100 ರೂಪಾಯಿಯಂತೆ ವರ್ಷದಲ್ಲಿ 300 ದಿನ ಕಟ್ಟುತ್ತಾನೆಂದು ಭಾವಿಸೋಣ. ವರ್ಷದ ಕೊನೆಗೆ ಸಂಗ್ರಹ 30,000 ರೂಪಾಯಿ. ಏಜೆಂಟನ ಕಮಿಷನ್ ಶೇಕಡಾ 3 ಎಂದಿಟ್ಟುಕೊಂಡರೆ ಅದು 900 ರೂಪಾಯಿ. ಆದರೆ ಸಂಸ್ಥೆಯ ಕೈಯಲ್ಲಿ ವರ್ಷವಿಡೀ 30,000 ರೂಪಾಯಿ ಇರಲಿಲ್ಲ. ಮೊದಲ ದಿನ 100, ಕೊನೆಯ ದಿನ 30,000 - ಸರಾಸರಿ ಶಿಲ್ಕು ಸುಮಾರು 15,000 ರೂಪಾಯಿ ಮಾತ್ರ. ಈ ಸರಾಸರಿಯ ಮೇಲೆ 900 ರೂಪಾಯಿ ಕಮಿಷನ್ ಎಂದರೆ ವಾರ್ಷಿಕ ಶೇಕಡಾ 6ರ ವೆಚ್ಚವಾಯಿತು. ಅದಕ್ಕೆ ಶೇಕಡಾ 4ರ ಬಡ್ಡಿಯನ್ನು ಕೂಡಿಸಿದರೆ ಒಟ್ಟು ವೆಚ್ಚ ಶೇಕಡಾ 10. ಇದೇ ಹಣವನ್ನು ಶೇಕಡಾ 13ಕ್ಕೆ ಸಾಲ ನೀಡಿದರೆ ಉಳಿಯುವ ಅಂತರ ಶೇಕಡಾ 3. ಕಚೇರಿ ಖರ್ಚು, ಸುಸ್ತಿ ಸಾಲಕ್ಕೆ ಮಾಡಬೇಕಾದ ಅವಕಾಶ, ಕೈಯಲ್ಲಿ ಇಡಬೇಕಾದ ನಗದು - ಎಲ್ಲವೂ ಇದರಲ್ಲಿಯೇ ಆಗಬೇಕು.

ಹಾಗಾದರೆ ಉಡುಪಿಯ ಬ್ಯಾಂಕು ಇಂಥ ದುಬಾರಿ ಹಣದ ಬೆನ್ನು ಹತ್ತಿದ್ದೇಕೆ? ಇದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಮುದ್ದತು ಮುಗಿದ ಪಿಗ್ಮಿ ಹಣವನ್ನು ಗ್ರಾಹಕನು ಅದೇ ಬ್ಯಾಂಕಿನಲ್ಲಿ ಮುದ್ದತಿ ಠೇವಣಿಯಾಗಿ ಇರಿಸಿದರೆ ಎರಡನೆಯ ವರ್ಷದಿಂದ ಆ ಮೊತ್ತದ ಮೇಲೆ ಕಮಿಷನ್ ಇಲ್ಲ. ಹಣ ಆಗ ನಿಜಕ್ಕೂ ಅಗ್ಗವಾಗುತ್ತದೆ. ಎರಡನೆಯದಾಗಿ, ಸಾವಿರಾರು ಸಣ್ಣ ಠೇವಣಿದಾರರು ಒಂದೇ ದಿನ ಹಣ ಹಿಂತೆಗೆಯುವುದು ಅಪರೂಪ. ನಾಲ್ಕಾರು ದೊಡ್ಡ ಠೇವಣಿದಾರರನ್ನು ನೆಚ್ಚಿದ ಸಂಸ್ಥೆಗಿಂತ ಇಂಥ ಸಂಸ್ಥೆ ಹೆಚ್ಚು ಸ್ಥಿರವಾಗಿರುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಪಿಗ್ಮಿ ಪುಸ್ತಕವೆಂದರೆ ಸಣ್ಣ ವ್ಯಾಪಾರಿಯ ದಿನಚರಿ. ಯಾವ ತಿಂಗಳು ಅವನ ವ್ಯಾಪಾರ ಕುದುರುತ್ತದೆ, ಯಾವಾಗ ಕುಸಿಯುತ್ತದೆ, ಕಷ್ಟದಲ್ಲಿಯೂ ಆತ ಕಂತು ತಪ್ಪಿಸದವನೇ ಎಂಬುದನ್ನು ಅದು ಯಾವ ಲೆಕ್ಕಪತ್ರಕ್ಕಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ. ಅಡವಿಡಲು ಏನೂ ಇಲ್ಲದವನಿಗೆ ಸಾಲ ಕೊಡಲು ಬ್ಯಾಂಕಿಗೆ ಆಧಾರವಾಗುವುದು ಈ ದಾಖಲೆಯೇ.

ಈ ಯೋಜನೆಯ ಇನ್ನೊಂದು ಮುಖ ಏಜೆಂಟನದು. ಬಿಸಿಲು-ಮಳೆಯೆನ್ನದೆ ಬೀದಿ ತಿರುಗುವ ಆತ ಬ್ಯಾಂಕಿನ ನೌಕರನೋ ಅಥವಾ ಸ್ವತಂತ್ರ ದಲಾಲನೋ ಎಂಬ ಪ್ರಶ್ನೆ ದಶಕಗಳ ಕಾಲ ಉಳಿಯಿತು. ಸಿಂಡಿಕೇಟ್ ಬ್ಯಾಂಕಿನ ಕಾರ್ಮಿಕರಿಗೆ ಸಂಬಂಧಿಸಿದ ಪ್ರಕರಣದಲ್ಲಿ 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಠೇವಣಿ ಸಂಗ್ರಾಹಕರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರೇ ಎಂದು ತೀರ್ಪು ನೀಡಿತು. ಅವರನ್ನು ಕಾಯಂ ನೌಕರರೆಂದು ಪರಿಗಣಿಸದಿದ್ದರೂ, ಅವರ ಕಮಿಷನ್ನು ವೇತನದ ಸ್ವರೂಪದ್ದೆಂದು ಮನ್ನಿಸಿ ಗ್ರ್ಯಾಚುಯಿಟಿಯ ಹಕ್ಕನ್ನು ಎತ್ತಿಹಿಡಿಯಿತು.

ಸಣ್ಣ ಊರಿನ ದೊಡ್ಡ ಬ್ಯಾಂಕು

ಮುಂಬಯಿಯಲ್ಲಿ ವಾಣಿಜ್ಯ ಪದವಿ ಪಡೆದ ಟಿ.ಎ. ಪೈ 1940ರ ದಶಕದ ಮೊದಲರ್ಧದಲ್ಲಿ ಬ್ಯಾಂಕಿನ ಸೇವೆಗೆ ಸೇರಿದರು. ಮುಂದಿನ ಎರಡೂವರೆ ದಶಕಗಳಲ್ಲಿ ಜನರಲ್ ಮ್ಯಾನೇಜರ್, ಆಡಳಿತ ನಿರ್ದೇಶಕ ಹಾಗೂ ಅಧ್ಯಕ್ಷ ಸ್ಥಾನಗಳನ್ನು ನಿರ್ವಹಿಸಿದರು. ಈ ಅವಧಿಯಲ್ಲಿ ಬ್ಯಾಂಕು ಹಳ್ಳಿ-ಪಟ್ಟಣಗಳಲ್ಲಿ ಶಾಖೆಗಳನ್ನು ತೆರೆಯುತ್ತ, ಸಣ್ಣಪುಟ್ಟ ಬ್ಯಾಂಕುಗಳನ್ನು ತನ್ನಲ್ಲಿ ಸೇರಿಸಿಕೊಳ್ಳುತ್ತ ಬೆಳೆಯಿತು. 1960ರ ದಶಕದ ಮೊದಲರ್ಧದಲ್ಲಿ ಅದರ ಹೆಸರು ಸಿಂಡಿಕೇಟ್ ಬ್ಯಾಂಕ್ ಎಂದಾಯಿತು. ಮುಖ್ಯ ಕಚೇರಿ ಮಣಿಪಾಲದಲ್ಲಿ ನೆಲೆಗೊಂಡಿತು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಸಂಪೂರ್ಣವಾಗಿ ಮಹಿಳಾ ಸಿಬ್ಬಂದಿಯೇ ನಡೆಸುವ ಶಾಖೆಯನ್ನು ತೆರೆದುದು ಆ ಕಾಲಕ್ಕೆ ಧೈರ್ಯದ ಹೆಜ್ಜೆ.

ಈ ಬೆಳವಣಿಗೆ ನಡೆದ ಕಾಲ ಸುಗಮವಾದುದಾಗಿರಲಿಲ್ಲ. 1960ರ ಆಗಸ್ಟ್‌ನಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿ ಠೇವಣಿದಾರರು ಬೀದಿಗೆ ಬಂದರು. ಅದರ ಪರಿಣಾಮವಾಗಿ ದುರ್ಬಲ ಬ್ಯಾಂಕುಗಳ ವಿಲೀನಕ್ಕೆ ಕಾನೂನು ಬಲ ದೊರೆಯಿತು. 1962ರ ಜನವರಿ 1ರಂದು ಠೇವಣಿ ವಿಮೆ ಜಾರಿಗೆ ಬಂದಿತು. ಆಗ ಒಬ್ಬ ಠೇವಣಿದಾರನಿಗೆ ಸಿಗುತ್ತಿದ್ದ ವಿಮಾ ರಕ್ಷಣೆ 1,500 ರೂಪಾಯಿ. ಸಣ್ಣ ಬ್ಯಾಂಕುಗಳ ಮೇಲಿನ ನಂಬಿಕೆ ಅಲುಗಾಡುತ್ತಿದ್ದ ಆ ದಿನಗಳಲ್ಲಿ ಸಣ್ಣ ಊರಿನ ಬ್ಯಾಂಕೊಂದು ಜನರ ವಿಶ್ವಾಸವನ್ನು ಉಳಿಸಿಕೊಂಡು ಬೆಳೆದುದು ಸಾಮಾನ್ಯ ಸಾಧನೆಯಲ್ಲ.

ರಾಷ್ಟ್ರೀಕರಣ ಮತ್ತು ಅದರ ನಂತರ

1967ರ ಕೊನೆಯಲ್ಲಿ ಕೇಂದ್ರ ಸರಕಾರ ಬ್ಯಾಂಕುಗಳ ಮೇಲೆ ಸಾಮಾಜಿಕ ನಿಯಂತ್ರಣದ ನೀತಿಯನ್ನು ಪ್ರಕಟಿಸಿತು. ಅದಕ್ಕನುಗುಣವಾಗಿ 1968ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಗೆ ತಿದ್ದುಪಡಿಯಾಗಿ, ಬ್ಯಾಂಕಿನ ನಿರ್ದೇಶಕರಲ್ಲಿ ಶೇಕಡಾ 51ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಲೆಕ್ಕಶಾಸ್ತ್ರ, ಕೃಷಿ, ಸಹಕಾರ, ಅರ್ಥಶಾಸ್ತ್ರ, ಕಾನೂನು, ಸಣ್ಣ ಕೈಗಾರಿಕೆ ಮುಂತಾದ ಕ್ಷೇತ್ರಗಳಲ್ಲಿ ಪರಿಣತಿ ಉಳ್ಳವರಾಗಿರಬೇಕೆಂದು ವಿಧಿಸಲಾಯಿತು. ನಿರ್ದೇಶಕರಿಗೆ ಮತ್ತು ಅವರ ಹಿತಾಸಕ್ತಿ ಇರುವ ಸಂಸ್ಥೆಗಳಿಗೆ ಸಾಲ ನೀಡುವುದರ ಮೇಲಿನ ನಿರ್ಬಂಧ ಬಿಗಿಯಾಯಿತು.

ಆದರೆ 1969ರ ಜುಲೈ 19ರಂದು, 50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿಯಿದ್ದ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಲಾಯಿತು. ಅವುಗಳಲ್ಲಿ ಕರ್ನಾಟಕದಲ್ಲಿ ಮುಖ್ಯ ಕಚೇರಿ ಇದ್ದವು ಕೆನರಾ ಮತ್ತು ಸಿಂಡಿಕೇಟ್. ಎಂಟು ಸಾವಿರ ರೂಪಾಯಿಯಿಂದ ಆರಂಭವಾದ ಸಂಸ್ಥೆ ನಾಲ್ಕೂವರೆ ದಶಕ ತುಂಬುವ ಮೊದಲೇ ದೇಶದ ಹದಿನಾಲ್ಕು ದೊಡ್ಡ ಖಾಸಗಿ ಬ್ಯಾಂಕುಗಳ ಸಾಲಿನಲ್ಲಿ ನಿಂತಿತ್ತು. ತಮ್ಮ ಕುಟುಂಬದವರು ಕಟ್ಟಿದ ಬ್ಯಾಂಕು ಸರಕಾರದ ಸೊತ್ತಾದಾಗ ಪೈ ಅದರ ಕಸ್ಟೋಡಿಯನ್ ಆಗಿ ಮುಂದುವರಿದು, ಒಡೆತನದ ಬದಲಾವಣೆಯ ಕಾಲದಲ್ಲಿ ಬ್ಯಾಂಕಿನ ಚುಕ್ಕಾಣಿ ಹಿಡಿದರು. 1970ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮೊದಲ ಕಾನೂನನ್ನು ಅನೂರ್ಜಿತಗೊಳಿಸಿತಾದರೂ ಕೆಲವೇ ದಿನಗಳಲ್ಲಿ ಹೊಸ ಸುಗ್ರೀವಾಜ್ಞೆ ಹೊರಬಿದ್ದಿತು.

ಸಾರ್ವಜನಿಕ ಹೊಣೆಗಾರಿಕೆಗಳು

ಪೈ ಅವರ ಸರಕಾರಿ ಜವಾಬ್ದಾರಿ ರಾಷ್ಟ್ರೀಕರಣಕ್ಕೆ ಮೊದಲೇ ಆರಂಭವಾಗಿತ್ತು. 1965ರ ಜನವರಿಯಲ್ಲಿ ಭಾರತೀಯ ಆಹಾರ ನಿಗಮ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾಗಿ ಅವರನ್ನು ನೇಮಿಸಲಾಯಿತು. ದೇಶವು ಅಮೆರಿಕದ ಗೋಧಿಯ ಹಡಗುಗಳನ್ನು ಎದುರು ನೋಡುತ್ತಿದ್ದ ಕಾಲವದು. ಆ ವರ್ಷವೇ ಭೀಕರ ಬರ ಆವರಿಸಿತು. ರೈತನಿಂದ ಧಾನ್ಯ ಕೊಳ್ಳುವುದು, ಗೋದಾಮಿನಲ್ಲಿ ಕಾಪಾಡುವುದು, ಕೊರತೆಯ ಪ್ರದೇಶಕ್ಕೆ ಸಾಗಿಸುವುದು - ಈ ಮೂರೂ ಕೆಲಸಗಳಿಗೆ ದೊಡ್ಡ ಪ್ರಮಾಣದ ದುಡಿಯುವ ಬಂಡವಾಳ ಬೇಕು. ದಾಸ್ತಾನು ಎಂದರೆ ಕಟ್ಟಿಬಿದ್ದ ಹಣ ಎಂಬುದನ್ನು ಅರಿತ ಬ್ಯಾಂಕರ್ ಅಲ್ಲಿಗೆ ಸೂಕ್ತ ಆಯ್ಕೆಯಾಗಿದ್ದರು.

ಬ್ಯಾಂಕಿನ ಅಧ್ಯಕ್ಷತೆಯ ನಂತರ 1970ರ ದಶಕದ ಆರಂಭದಲ್ಲಿ ಅವರು ಭಾರತೀಯ ಜೀವ ವಿಮಾ ನಿಗಮದ ಅಧ್ಯಕ್ಷರಾದರು. 1956ರಲ್ಲಿ 245 ಸಂಸ್ಥೆಗಳನ್ನು ಒಂದುಗೂಡಿಸಿ ರಚಿಸಲಾದ ಈ ನಿಗಮ, ದೀರ್ಘಾವಧಿಯ ಉಳಿತಾಯದ ಅತಿದೊಡ್ಡ ಭಂಡಾರ. ದಿನದ ಎರಡಾಣೆಯಿಂದ ಹಿಡಿದು ಇಪ್ಪತ್ತು ವರ್ಷಗಳ ಪಾಲಿಸಿಯವರೆಗೆ ಉಳಿತಾಯದ ಎರಡೂ ತುದಿಗಳನ್ನು ಕಂಡವರು ವಿರಳ. 1972ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

ಅದೇ ವರ್ಷ ರಾಜ್ಯಸಭೆ ಪ್ರವೇಶಿಸಿದ ಪೈ, ಜುಲೈ ತಿಂಗಳಲ್ಲಿ ಕೆಂಗಲ್ ಹನುಮಂತಯ್ಯನವರ ನಂತರ ರೈಲ್ವೆ ಸಚಿವರಾದರು. ಹೀಗೆ ರೈಲ್ವೆ ಖಾತೆ ಒಬ್ಬ ಕನ್ನಡಿಗರಿಂದ ಇನ್ನೊಬ್ಬ ಕನ್ನಡಿಗರ ಕೈಗೆ ಬಂದಂತಾಯಿತು. ಆದರೆ 1973ರ ಫೆಬ್ರವರಿಯ ಸಂಪುಟ ಬದಲಾವಣೆಯಲ್ಲಿ ಖಾತೆ ಬದಲಾದ್ದರಿಂದ ಒಂದು ರೈಲ್ವೆ ಬಜೆಟ್ಟನ್ನೂ ಮಂಡಿಸುವ ಅವಕಾಶ ಅವರಿಗೆ ದೊರೆಯಲಿಲ್ಲ. ಬಳಿಕ ಭಾರಿ ಕೈಗಾರಿಕೆ, 1973ರ ಮೇ ತಿಂಗಳ ವಿಮಾನ ದುರಂತದಲ್ಲಿ ಮೋಹನ್ ಕುಮಾರಮಂಗಲಂ ತೀರಿಕೊಂಡ ನಂತರ ಉಕ್ಕು ಮತ್ತು ಗಣಿ, 1974ರಿಂದ 1977ರವರೆಗೆ ಕೈಗಾರಿಕೆ ಮತ್ತು ನಾಗರಿಕ ಪೂರೈಕೆ ಖಾತೆಗಳನ್ನು ಅವರು ನಿರ್ವಹಿಸಿದರು. ಬೇರೆ ಬೇರೆಯಾಗಿದ್ದ ಎರಡು ವಿದ್ಯುತ್ ಉಪಕರಣ ಸಂಸ್ಥೆಗಳನ್ನು 1974ರಲ್ಲಿ ಬಿ.ಎಚ್.ಇ.ಎಲ್. ಎಂಬ ಒಂದೇ ಸಂಸ್ಥೆಯಡಿ ತಂದುದು, 1975ರ ಅಕ್ಟೋಬರ್‌ನಲ್ಲಿ 21 ಉದ್ಯಮಗಳನ್ನು ಪರವಾನಗಿಯ ಬಂಧನದಿಂದ ಮುಕ್ತಗೊಳಿಸಿದುದು ಈ ಅವಧಿಯ ಕ್ರಮಗಳು. ಸಂಪೂರ್ಣ ಉದಾರೀಕರಣಕ್ಕೆ ದೇಶ 1991ರವರೆಗೆ ಕಾಯಬೇಕಾಯಿತಾದರೂ ಪರವಾನಗಿ ವ್ಯವಸ್ಥೆಯ ಬಿಗಿ ಸ್ವಲ್ಪಮಟ್ಟಿಗೆ ಸಡಿಲವಾದುದು ಆಗಲೇ.

ಪರೀಕ್ಷೆಯ ಕಾಲ

ಬ್ಯಾಂಕರ್ ರಾಜಕಾರಣಿಯಾದಾಗ ಎದುರಾಗುವ ಕಠಿಣ ಪ್ರಶ್ನೆ ದಕ್ಷತೆಯದಲ್ಲ, ಸ್ವಾತಂತ್ರ್ಯದ್ದು. 1975ರಲ್ಲಿ ಅದು ಪೈ ಅವರ ಮುಂದೆ ನಿಂತಿತು. ಪ್ರಧಾನಿ ಇಂದಿರಾ ಗಾಂಧಿಯವರ ಪುತ್ರ ಸಂಜಯ ಗಾಂಧಿಯವರ ಮಾರುತಿ ಕಾರು ಯೋಜನೆಯ ಬಗ್ಗೆ ಸಂಸತ್ತಿನಲ್ಲಿ ಪ್ರಶ್ನೆ ಕೇಳಲಾಗಿತ್ತು. ಉತ್ತರಕ್ಕಾಗಿ ಮಾಹಿತಿ ಸಂಗ್ರಹಿಸುತ್ತಿದ್ದ ನಾಲ್ವರು ಅಧಿಕಾರಿಗಳ ಮೇಲೆ ಕೇಂದ್ರ ತನಿಖಾ ದಳದ ಕ್ರಮ ಜರುಗಿತು. ಅವರಲ್ಲಿ ಪೈ ಅವರ ಖಾತೆಯ ಅಧಿಕಾರಿಯೂ ಇದ್ದರು. ಅದೇ ವರ್ಷದ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪೈ ಸಂಪುಟದಲ್ಲಿಯೇ ಮುಂದುವರಿದರು ಎಂಬುದನ್ನು ಅವರ ಜೀವನದ ಲೆಕ್ಕ ಬರೆಯುವವರು ಮುಚ್ಚಿಡುವಂತಿಲ್ಲ.

1977ರ ಚುನಾವಣೆಯಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ಪೈ ಉಡುಪಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆಗಾಗಿ ನೇಮಕಗೊಂಡ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಬಂದ ಮಾಜಿ ಸಚಿವರಲ್ಲಿ ಅವರೂ ಒಬ್ಬರು. ತಮ್ಮ ಖಾತೆಯ ಅಧಿಕಾರಿಗಳು ಕರ್ತವ್ಯ ಮಾಡಿದ್ದಕ್ಕಾಗಿಯೇ ತೊಂದರೆಗೊಳಗಾದರೆಂಬುದನ್ನೂ, ಈ ವಿಷಯದಲ್ಲಿ ಪ್ರಧಾನಿಯವರು ತಮ್ಮ ಮೇಲೆ ವ್ಯಕ್ತಪಡಿಸಿದ ಅಸಮಾಧಾನವನ್ನೂ ಅವರು ಆಯೋಗದ ಮುಂದೆ ಹೇಳಿದರು. ಅಧಿಕಾರದಲ್ಲಿದ್ದಾಗಲೇ ಇದನ್ನು ಹೇಳಬೇಕಿತ್ತೆಂಬ ಟೀಕೆಗೆ ಅವಕಾಶವಿದೆ. ಆದರೆ ಪ್ರಬಲ ನಾಯಕಿಯ ವಿರುದ್ಧ, ಅದೂ ತಮ್ಮದೇ ಪಕ್ಷದ ಇತಿಹಾಸದ ವಿರುದ್ಧ, ದಾಖಲೆಗೆ ಸೇರುವಂತೆ ಮಾತನಾಡಲು ಆ ದಿನಗಳಲ್ಲಿ ಮುಂದೆ ಬಂದವರು ಹೆಚ್ಚಿರಲಿಲ್ಲ. ತಡವಾಗಿಯಾದರೂ ಸರಿಯಾದ ನಮೂದು ಪುಸ್ತಕದಲ್ಲಿ ಬಿದ್ದಿತು. ಅದರ ಬೆಲೆಯನ್ನೂ ಅವರು ತೆರಬೇಕಾಯಿತು. 1980ರ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ಮತ್ತೆ ಗೆದ್ದಿತು. ಉಡುಪಿ ಕ್ಷೇತ್ರ ಅದೇ ಪಕ್ಷದ ಆಸ್ಕರ್ ಫರ್ನಾಂಡಿಸ್ ಅವರ ಪಾಲಾಯಿತು. 1981ರ ಮೇ ತಿಂಗಳಲ್ಲಿ, ಅರುವತ್ತು ತುಂಬುವ ಮೊದಲೇ, ಪೈ ನಿಧನರಾದರು. 1980ರಲ್ಲಿ ಮಣಿಪಾಲದಲ್ಲಿ ಆರಂಭವಾದ ಆಡಳಿತ ನಿರ್ವಹಣಾ ಸಂಸ್ಥೆ ಇಂದು ಅವರ ಹೆಸರನ್ನು ಹೊತ್ತಿದೆ.

ಗಡಿ ತಾಲೂಕುಗಳಿಗೆ ತಲುಪಿದ ಪರಂಪರೆ

1956ರ ಏಕೀಕರಣದವರೆಗೆ ಚಿಕ್ಕೋಡಿ-ಅಥಣಿ ಭಾಗ ಮುಂಬಯಿ ರಾಜ್ಯಕ್ಕೂ, ಉಡುಪಿ ಮದ್ರಾಸಿಗೂ ಸೇರಿದ್ದವು. ಇಲ್ಲಿಯ ವ್ಯಾಪಾರದ ಮುಖ ಕೊಲ್ಹಾಪುರ, ಸಾಂಗ್ಲಿ, ಮಿರಜಗಳತ್ತ ಇತ್ತು. ಸ್ಥಳೀಯ ಬ್ಯಾಂಕುಗಳೂ ಹಾಗೆಯೇ ಹುಟ್ಟಿದವು. 1916ರ ಸಾಂಗ್ಲಿ ಬ್ಯಾಂಕ್ 2007ರಲ್ಲಿ ಐಸಿಐಸಿಐ ಬ್ಯಾಂಕಿನಲ್ಲಿ ಸೇರಿಹೋಯಿತು. 1930ರ ಬೆಳಗಾವಿ ಬ್ಯಾಂಕ್ 1975ರಲ್ಲಿಯೂ, 1929ರ ಮಿರಜ ಸ್ಟೇಟ್ ಬ್ಯಾಂಕ್ 1985ರಲ್ಲಿಯೂ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. 1969ರ ಕೊನೆಯಲ್ಲಿ ಬಂದ ಲೀಡ್ ಬ್ಯಾಂಕ್ ಯೋಜನೆಯಡಿ ಬೆಳಗಾವಿ ಜಿಲ್ಲೆಯ ಹೊಣೆ ಕರಾವಳಿಯ ಸಿಂಡಿಕೇಟ್ ಬ್ಯಾಂಕಿನ ಹೆಗಲೇರಿತು. 1975ರ ಅಕ್ಟೋಬರ್ 2ರಂದು ದೇಶದ ಮೊದಲ ಗ್ರಾಮೀಣ ಬ್ಯಾಂಕುಗಳು ಆರಂಭವಾದಾಗ ಅವುಗಳಲ್ಲೊಂದಾದ ಮೊರಾದಾಬಾದಿನ ಪ್ರಥಮಾ ಬ್ಯಾಂಕಿನ ಪ್ರಾಯೋಜಕತ್ವ ಸಿಂಡಿಕೇಟಿನದೇ ಆಗಿತ್ತು. ಅದೇ ಪ್ರಾಯೋಜಕತ್ವದ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಧಾರವಾಡ-ಬೆಳಗಾವಿ ಭಾಗದ ಹಳ್ಳಿಗಳನ್ನು ತಲುಪಿತು. 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಗಿ, 2025ರ ಮೇ ತಿಂಗಳಿಂದ ರಾಜ್ಯದ ಏಕೈಕ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿ ಮಾರ್ಪಟ್ಟಿತು. ಸಿಂಡಿಕೇಟ್ ಬ್ಯಾಂಕು ಸ್ವತಃ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಹೀಗೆ ಫಲಕಗಳು ಬದಲಾದರೂ ಪಿಗ್ಮಿ ಉಳಿದಿದೆ. ದೊಡ್ಡ ಬ್ಯಾಂಕುಗಳು ಕ್ರಮೇಣ ಅದರಿಂದ ದೂರ ಸರಿದಂತೆ, ಆ ಜಾಗವನ್ನು ಪತ್ತಿನ ಸಂಘಗಳು, 1997ರ ಸೌಹಾರ್ದ ಕಾಯಿದೆಯಡಿಯ ಸಹಕಾರಿಗಳು ಹಾಗೂ 2002ರ ಬಹುರಾಜ್ಯ ಸಹಕಾರಿ ಕಾಯಿದೆಯಡಿಯ ಸಂಸ್ಥೆಗಳು ತುಂಬಿವೆ. ತಂಬಾಕಿನ ಹಂಗಾಮು, ಕಬ್ಬು ನುರಿಸುವ ಹಂಗಾಮು ಎಂದು ವರ್ಷದ ಕೆಲವೇ ತಿಂಗಳು ಹಣ ಹರಿದಾಡುವ ಈ ಭಾಗದಲ್ಲಿ ಅವುಗಳ ಸೇವೆ ದೊಡ್ಡದು. ಆದರೆ ಅಪಾಯಗಳೂ ಇವೆ. ವ್ಯಾಪಾರಿಗಳು ಅವನ್ನು ಅರಿತಿರುವುದು ಅಗತ್ಯ.

ಠೇವಣಿದಾರರು ಗಮನಿಸಬೇಕಾದ ಅಂಶಗಳು

1. ವಿಮೆ ಇದೆಯೇ? ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು ಹಾಗೂ ಪಟ್ಟಣ ಸಹಕಾರಿ ಬ್ಯಾಂಕುಗಳ ಠೇವಣಿಗೆ 2020ರ ಫೆಬ್ರವರಿಯಿಂದ ಅಸಲು-ಬಡ್ಡಿ ಸೇರಿ ತಲಾ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಪರವಾನಗಿಯಿಲ್ಲದ ಪತ್ತಿನ ಸಂಘ, ಸೌಹಾರ್ದ ಮತ್ತು ಬಹುರಾಜ್ಯ ಪತ್ತಿನ ಸಂಸ್ಥೆಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ. ಎರಡೂ ಕಡೆ ಪಿಗ್ಮಿ ಪುಸ್ತಕ ಒಂದೇ ರೀತಿ ಕಂಡರೂ ಹಿಂದಿರುವ ರಕ್ಷಣೆ ಒಂದೇ ಅಲ್ಲ.

2. ಮುದ್ದತಿನ ಹೊಂದಾಣಿಕೆ. ಒಂದು ವರ್ಷದ ಪಿಗ್ಮಿ ಹಣವನ್ನು ಏಳು ವರ್ಷಗಳ ಜಮೀನು-ನಿವೇಶನ ಸಾಲಕ್ಕೆ ತೊಡಗಿಸಿದರೆ, ಓಡಾಡಬೇಕಾದ ಹಣವನ್ನು ನೆಲದಲ್ಲಿ ಹೂತಂತೆ. ಬಹುತೇಕ ಸಂಘಗಳ ಸಂಕಟ ಆರಂಭವಾಗುವುದು ನಷ್ಟದಿಂದಲ್ಲ, ನಗದಿನ ಕೊರತೆಯಿಂದ.

3. ಸಾಲ ಯಾರಿಗೆ ಹೋಗಿದೆ? ಪಟ್ಟಣ ಸಹಕಾರಿ ಬ್ಯಾಂಕುಗಳು ನಿರ್ದೇಶಕರಿಗೆ ಮತ್ತು ಅವರ ಬಂಧುಗಳಿಗೆ ಸಾಲ ನೀಡುವುದನ್ನು ರಿಸರ್ವ್ ಬ್ಯಾಂಕು 2003ರಲ್ಲಿಯೇ ನಿಷೇಧಿಸಿತು. ಸಂಘಗಳ ಸದಸ್ಯರು ವಾರ್ಷಿಕ ಸಭೆಯಲ್ಲಿ ಆಹಾರದ ಪೊಟ್ಟಣಕ್ಕೆ ತೃಪ್ತರಾಗದೆ, ದೊಡ್ಡ ಹತ್ತು ಸಾಲಗಳ ಒಟ್ಟು ಮೊತ್ತ ಎಷ್ಟು, ಅದು ಒಟ್ಟು ಸಾಲದ ಶೇಕಡಾ ಎಷ್ಟು ಎಂದು ಕೇಳಬೇಕು.

4. ಲೆಕ್ಕ ಪರಿಶೋಧನೆಯ ವರದಿ. ಲಾಭ ಮತ್ತು ಡಿವಿಡೆಂಡಿನ ಪುಟವನ್ನಷ್ಟೇ ಅಲ್ಲದೆ, ಸುಸ್ತಿ ಸಾಲದ ವರ್ಗೀಕರಣ, ಬರಬೇಕಾದ ಬಡ್ಡಿಯನ್ನು ಆದಾಯವೆಂದು ತೋರಿಸಿದ ರೀತಿ, ಪರಿಶೋಧಕರ ಆಕ್ಷೇಪಣೆಗಳು - ಇವನ್ನು ಓದಬೇಕು. ಕೈಗೆ ಬಾರದ ಬಡ್ಡಿಯಿಂದ ಲಾಭಾಂಶ ಹಂಚಿದರೆ, ಅದು ಠೇವಣಿದಾರರ ಹಣವನ್ನೇ ಹಂಚಿದಂತೆ.

5. ದಿನದ ಸಹಿ. ಏಜೆಂಟನು ಎಷ್ಟೇ ಪರಿಚಿತನಾದರೂ ಪ್ರತಿದಿನದ ಮೊತ್ತಕ್ಕೆ ರಸೀದಿ ಅಥವಾ ಮೊಬೈಲ್ ಸಂದೇಶ ಪಡೆಯುವುದು, ತಿಂಗಳಿಗೊಮ್ಮೆ ಕಚೇರಿಯ ಖಾತೆಯೊಂದಿಗೆ ತಾಳೆ ನೋಡುವುದು ಇಬ್ಬರಿಗೂ ಕ್ಷೇಮ.

ಬ್ಯಾಂಕು ನಡೆಸಿದವರು ರಾಜಕಾರಣಕ್ಕೆ ಬರುವುದು ತಪ್ಪಲ್ಲ. ಹಣದ ಶಿಸ್ತನ್ನು ಅರಿತವರು ಆಡಳಿತಕ್ಕೆ ಬಂದರೆ ನಾಡಿಗೆ ಲಾಭವೇ ಎಂಬುದಕ್ಕೆ ಚಾಂಪಿ ಮತ್ತು ಪೈ ಇಬ್ಬರೂ ಸಾಕ್ಷಿ. ಅಪಾಯವಿರುವುದು ವಿರುದ್ಧ ದಿಕ್ಕಿನ ಸಂಚಾರದಲ್ಲಿ - ರಾಜಕಾರಣವು ಬ್ಯಾಂಕಿನ ಸಾಲದ ಕಡತದೊಳಗೆ ಪ್ರವೇಶಿಸಿದಾಗ. ಪೈ ಅವರು ಆಹಾರ ನಿಗಮದ ಹೊಣೆ ಹೊತ್ತಾಗಲೂ, ಸಚಿವರಾದಾಗಲೂ ಅವರ ಬ್ಯಾಂಕಿನ ಪಿಗ್ಮಿ ಏಜೆಂಟನು ಎಂದಿನಂತೆ ಬೀದಿಗಿಳಿದು ಎಂದಿನ ಮೊತ್ತವನ್ನೇ ಬರೆದುಕೊಳ್ಳುತ್ತಿದ್ದನು. ಠೇವಣಿದಾರನ ಹಣ ಅಧ್ಯಕ್ಷರ ಪದವಿಯನ್ನು ಅವಲಂಬಿಸಿರಲಿಲ್ಲ. ಚಿಕ್ಕೋಡಿಯಿಂದ ಕಾಗವಾಡದವರೆಗಿನ ಪ್ರತಿಯೊಂದು ಹಣಕಾಸು ಸಂಸ್ಥೆಯ ಬಗ್ಗೆಯೂ ಅದರ ಠೇವಣಿದಾರರು ಇದೇ ಮಾತನ್ನು ಹೇಳುವಂತಾಗಬೇಕು.